ಕೀಸ್ಟೋನ್ ಎಕ್ಸ್‌ಎಲ್: ವರದಿ ಅಡ್ಡಿಯಿಲ್ಲ ಎಂದರೂ ಅನುಮತಿ ಸಿಗದಿದ್ದೇಕೆ?

ಕೀಸ್ಟೋನ್ ಎಕ್ಸ್‌ಎಲ್ ಎಂದರೆ ಕೆನಡಾದ ಆಲ್ಬರ್ಟಾದಿಂದ ಅಮೆರಿಕಕ್ಕೆ ತೈಲ ತರಲು ಯೋಜಿಸಿದ್ದ ಕೊಳವೆಮಾರ್ಗ. ಅದರ 2014ರ ಪರಿಸರ ವರದಿ ಅನುಕೂಲವಾಗಿದ್ದರೂ 2015ರಲ್ಲಿ ಒಬಾಮ ಸರ್ಕಾರ ಅನುಮತಿ ನಿರಾಕರಿಸಿದ್ದೇಕೆ ಎಂದು ಕೇಳಿದ್ದೀರಿ. ಪರಿಸರ ವರದಿಯನ್ನೇ ತೀರ್ಮಾನ ಎಂದುಕೊಂಡಿರುವ ಹಾಗಿದೆ, ಗೊಂದಲ ಅಲ್ಲೇ ಇದೆ. ವರದಿ ಮಾಹಿತಿ ಕೊಡುತ್ತದೆ ಅಷ್ಟೇ. ಗಡಿ ದಾಟುವ ಕೊಳವೆಮಾರ್ಗಕ್ಕೆ ಆಗ ಅನುಮತಿ ಕೊಡಬೇಕಿದ್ದದ್ದು ಅಮೆರಿಕದ ವಿದೇಶಾಂಗ ಇಲಾಖೆ, ಅದು ನೋಡುತ್ತಿದ್ದದ್ದು ರಾಷ್ಟ್ರಹಿತವನ್ನು.

ಮೊದಲು 2014ರ ಜನವರಿಯ ಅಂತಿಮ ಪೂರಕ ಪರಿಸರ ವರದಿಯಲ್ಲಿ 1.4ನೇ ಭಾಗ, ಮಾರುಕಟ್ಟೆ ವಿಶ್ಲೇಷಣೆ, ಓದಿ. ಇದೊಂದು ಯೋಜನೆಯಿಂದ ಆಲ್ಬರ್ಟಾದ ತೈಲಮರಳಿನ (ದಪ್ಪ ತೈಲ ಬೆರೆತ ಮರಳು) ಉತ್ಪಾದನೆ ಗಮನಾರ್ಹವಾಗಿ ಬದಲಾಗುವ ಸಾಧ್ಯತೆ ಕಡಿಮೆ ಎನ್ನುವ ಮಾತು ಅಲ್ಲಿಂದಲೇ ಬಂದದ್ದು. ಆದರೆ ಅದಕ್ಕೊಂದು ಷರತ್ತಿದೆ, ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ: ಬ್ಯಾರೆಲ್ ಬೆಲೆ 65ರಿಂದ 75 ಡಾಲರ್ ಆಸುಪಾಸಿಗೆ ಇಳಿದರೆ, ಕೊಳವೆಮಾರ್ಗವಿಲ್ಲದೆ ಏರುವ ಸಾಗಣೆ ವೆಚ್ಚ ಉತ್ಪಾದನೆಗೆ ನಿಜಕ್ಕೂ ತಟ್ಟುತ್ತದೆ. ಆ ವರ್ಷದ ಕೊನೆಗೆ ಬೆಲೆ ಅದಕ್ಕಿಂತಲೂ ಕೆಳಗೆ ಕುಸಿಯಿತು.

ಆಮೇಲೆ 2015ರ ಫೆಬ್ರವರಿಯಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) ಬರೆದ ಪತ್ರ ನೋಡಿ, ಬೆಲೆ ಕುಸಿತದ ಈ ಅಂಶವನ್ನು ಮತ್ತೆ ಪರಿಶೀಲಿಸಿ ಎಂದು ಅದು ಕೇಳುತ್ತದೆ. ನಿರಾಕರಣೆಯ ಕಾರಣಗಳು ನವೆಂಬರ್ 2015ರ ನಿರ್ಣಯ ದಾಖಲೆಯಲ್ಲಿವೆ. ಹವಾಮಾನದ ವಿಷಯದಲ್ಲಿ ಅಮೆರಿಕದ ನಾಯಕತ್ವಕ್ಕೆ ಧಕ್ಕೆ ಎಂಬುದು ಅದರಲ್ಲಿ ಮುಖ್ಯ.

ನಿಮ್ಮ ಕೈಲಿರುವ ಪ್ರತಿ 2013ರ ಕರಡೂ ಆಗಿರಬಹುದು, ಮುಖಪುಟದ ದಿನಾಂಕ ನೋಡಿಕೊಂಡೇ ಉಲ್ಲೇಖಿಸಿ.