ಸೆಟ್ ಬದಲಿಸುವ ಮೊದಲು ಪೆನ್‌ಡ್ರೈವ್ ನೋಡಿ

ಕಾರಿನ ಹಾಡಿನ ಸೆಟ್ ಬಗ್ಗೆ ಕೇಳಿ ಅಂತ ಹೋದ ತಿಂಗಳು ಬರೆದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಪೆನ್‌ಡ್ರೈವ್ ಮೇಲಿನ ದೂರು. ಶಿವಮೊಗ್ಗದಲ್ಲಿ ನನ್ನದು ಕಾರ್ ಆಡಿಯೊ ಅಂಗಡಿ. ಹೊಸ ಸೆಟ್ ಮಾರಿದರೆ ನನಗೇ ಲಾಭ. ಆದರೂ ಹೇಳುತ್ತೇನೆ, ಇಲ್ಲಿರುವ ಯಾವ ತೊಂದರೆಗೂ ಹೊಸ ಸೆಟ್ ಬೇಕಾಗಿಲ್ಲ.

ತಾಳಮದ್ದಳೆಯ ಹಳೆ ಕ್ಯಾಸೆಟ್‌ಗಳನ್ನು ಮಗ ಎಂಪಿ3 ಮಾಡಿಕೊಟ್ಟಿದ್ದಾನೆ. ಕಾರಿನಲ್ಲಿ ಹಾಕಿದರೆ ಭಾಗ 1 ಆದ ಮೇಲೆ 7 ಬರುತ್ತದೆ, ಆಮೇಲೆ 3. ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಇನ್ನೊಂದು ಪ್ರಸಂಗ ನಾಲ್ಕು ಗಂಟೆಯ ಒಂದೇ ಫೈಲ್. ಕಾರು ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಗಣಪತಿ ಸ್ತುತಿಯಿಂದಲೇ ಶುರು.
– ನಿವೃತ್ತ ಶಿಕ್ಷಕರು, ಸಾಗರ

ಮೇಷ್ಟ್ರೇ, ಕಂಪ್ಯೂಟರ್ ನಿಮಗೆ ತೋರಿಸುವುದು ಅದು ತಾನಾಗಿ ಜೋಡಿಸಿಕೊಂಡ ಪಟ್ಟಿ. ಪೆನ್‌ಡ್ರೈವ್ ಒಳಗೆ ಬೇರೆಯೇ ಒಂದು ಪಟ್ಟಿ ಇರುತ್ತದೆ. ಯಾವ ಫೈಲ್ ಮೊದಲು ಕಾಪಿ ಆಯಿತೋ ಅದರ ಹೆಸರು ಅಲ್ಲಿ ಮೊದಲು. ಬಹಳಷ್ಟು ಕಾರ್ ಸೆಟ್‌ಗಳು ಹೆಸರು, ನಂಬರ್ ನೋಡುವ ಗೋಜಿಗೇ ಹೋಗುವುದಿಲ್ಲ. ಈ ಒಳಪಟ್ಟಿಯನ್ನು ಮೇಲಿಂದ ಕೆಳಗೆ ಓದುತ್ತಾ ಹೋಗುತ್ತವೆ, ಅಷ್ಟೇ.

ಹಾಗಾದರೆ ಕಾಪಿ ಮಾಡುವಾಗ ಕ್ರಮ ತಪ್ಪಿದ್ದು ಹೇಗೆ? ಎಲ್ಲ ಫೈಲ್ ಒಟ್ಟಿಗೆ ಸೆಲೆಕ್ಟ್ ಮಾಡಿ ಮೌಸ್‌ನಲ್ಲಿ ಎಳೆದು ಪೆನ್‌ಡ್ರೈವ್‌ಗೆ ಹಾಕುತ್ತಾರೆ, ಅಲ್ವಾ? ವಿಂಡೋಸ್‌ನಲ್ಲಿ ಮೌಸ್ ಯಾವ ಫೈಲ್ ಹಿಡಿದಿತ್ತೋ ಅದು ಮೊದಲು ಹೋಗುವುದುಂಟು. ಏಳನೇ ಭಾಗ ಹಿಡಿದು ಎಳೆದರೆ ಏಳೇ ಮೊದಲು. ಇನ್ನೊಂದು ಕಾರಣವೂ ಇದೆ. ನಡುವಿನ ಯಾವುದೋ ಫೈಲ್ ಅಳಿಸಿದರೆ ಒಳಪಟ್ಟಿಯಲ್ಲಿ ಆ ಸಾಲು ಖಾಲಿ ಬೀಳುತ್ತದೆ. ಮುಂದೆ ನೀವು ಹಾಕುವ ಹೊಸ ಫೈಲ್ ಕೊನೆಗೆ ಹೋಗುವ ಬದಲು ಆ ಖಾಲಿ ಜಾಗದಲ್ಲಿ ಕೂತುಬಿಡಬಹುದು.

ಪರಿಹಾರ ಸುಲಭ. ಫೈಲ್‌ಗಳಿಗೆ 01, 02, 03 ಅಂತ ಹೆಸರು ಕೊಡಿ. ಬರೀ 1, 2 ಅಂದರೆ ಹೆಸರು ನೋಡುವ ಸೆಟ್‌ಗಳಲ್ಲಿ 1 ಆದಮೇಲೆ 10 ಬಂದುಬಿಡುತ್ತದೆ. ನೂರಕ್ಕಿಂತ ಜಾಸ್ತಿ ಇದ್ದರೆ 001. ಆಮೇಲೆ ಪೆನ್‌ಡ್ರೈವ್‌ಗೆ ಹೊಸದಾಗಿ ಕಾಪಿ ಮಾಡಿ. ಎಳೆಯುವಾಗ ಮೊದಲ ಫೈಲನ್ನೇ ಹಿಡಿಯಿರಿ. ಅದು ರಗಳೆ ಅನ್ನಿಸಿದರೆ ಡ್ರೈವ್‌ಸಾರ್ಟ್ ಅಥವಾ ಫ್ಯಾಟ್‌ಸಾರ್ಟರ್ ಎಂಬ ಸಣ್ಣ ತಂತ್ರಾಂಶಗಳಿವೆ, ದುಡ್ಡು ಕೊಡಬೇಕಿಲ್ಲ. ಅವು ಒಳಪಟ್ಟಿಯನ್ನೇ ಹೆಸರಿನ ಕ್ರಮಕ್ಕೆ ಜೋಡಿಸಿಕೊಡುತ್ತವೆ.

ಇನ್ನು ನಾಲ್ಕು ಗಂಟೆಯ ಫೈಲ್. ಸುಮಾರು ಸೆಟ್‌ಗಳಿಗೆ ಯಾವ ಫೈಲ್ ಓಡುತ್ತಿತ್ತು ಅನ್ನುವುದು ನೆನಪಿರುತ್ತದೆ, ಫೈಲಿನೊಳಗೆ ಎಲ್ಲಿತ್ತು ಅನ್ನುವುದು ನೆನಪಿರುವುದಿಲ್ಲ. ಫೈಲನ್ನು ತುಂಡು ಮಾಡುವುದೇ ದಾರಿ. ಎಂಪಿ3 ಡೈರೆಕ್ಟ್‌ಕಟ್ ಎಂಬುದರಲ್ಲಿ ತೆರೆದು ಕತ್ತರಿಸಿ. ಅದು ಧ್ವನಿಯನ್ನು ಮತ್ತೊಮ್ಮೆ ಕುಗ್ಗಿಸದೆ ಹಾಗೇ ಕತ್ತರಿಸುತ್ತದೆ, ಹಳೆ ಕ್ಯಾಸೆಟ್ಟಿನ ಧ್ವನಿ ಇನ್ನಷ್ಟು ಕೆಡುವುದಿಲ್ಲ. ಆದರೆ ಗಡಿಯಾರ ನೋಡಿ ಹದಿನೈದು ನಿಮಿಷಕ್ಕೊಂದು ಅಂತ ಕತ್ತರಿಸಬೇಡಿ. ಕರ್ಣ ಬಾಯಿ ತೆರೆದಾಗಲೇ ತುಂಡಾದರೆ ಕೇಳುವವರಿಗೆ ಸಿಟ್ಟು ಬರುತ್ತದೆ. ತೆರೆಯ ಮೇಲೆ ಕಾಣುವ ಗೆರೆಗಳನ್ನು ನೋಡಿ. ಅರ್ಥ, ಅಂದರೆ ಮಾತು, ಹೇಳುವಾಗ ಗೆರೆ ಬಾಚಣಿಗೆಯ ಹಲ್ಲಿನಂತೆ ಬಿಟ್ಟು ಬಿಟ್ಟು ಇರುತ್ತದೆ. ಭಾಗವತರ ಪದ (ಹಾಡು) ಶುರುವಾಗಿ ಮದ್ದಳೆ ಸೇರಿಕೊಂಡ ಕೂಡಲೇ ದಪ್ಪಗೆ, ಒತ್ತಾಗಿ ತುಂಬಿಕೊಳ್ಳುತ್ತದೆ. ಆ ದಪ್ಪ ಶುರುವಾಗುವ ಅಂಚಿನಲ್ಲಿ ಕತ್ತರಿ ಹಾಕಿ. ಪ್ರತಿ ತುಂಡೂ ಪದದಿಂದಲೇ ಶುರುವಾಗುತ್ತದೆ. ಕೆಲವು ತುಂಡು ಐದು ನಿಮಿಷ, ಕೆಲವು ಅರ್ಧ ಗಂಟೆ ಆಗಬಹುದು. ಆಗಲಿ ಬಿಡಿ.

ಮಗ ಎಂಪಿ3 ಮಾಡುವಾಗ ವಿಬಿಆರ್ (ಧ್ವನಿಗೆ ತಕ್ಕಂತೆ ಬಿಟ್‌ರೇಟ್ ಹೆಚ್ಚುಕಡಿಮೆ ಆಗುವ ಬಗೆ) ಅಂತ ಆರಿಸಿದ್ದರೆ ಕೆಲವು ಸೆಟ್‌ಗಳಲ್ಲಿ ಸಮಯ ತಪ್ಪು ತೋರಿಸುವುದು, ಮುಂದೆ ಓಡಿಸಿದರೆ ಎಲ್ಲೆಲ್ಲಿಗೋ ಹಾರುವುದು ಇರುತ್ತದೆ. ಮುಂದಿನ ಸಲ ಸಿಬಿಆರ್ (ಕೊನೆಯವರೆಗೂ ಒಂದೇ ಬಿಟ್‌ರೇಟ್) ಆರಿಸಿ, 128 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 128 ಕಿಲೋಬಿಟ್, ಇಟ್ಟರೆ ಸಾಕು. ಮಾತಿಗೆ 64 ಕೂಡ ನಡೆಯುತ್ತದೆ, ಆದರೆ ಪದ ಇದೆಯಲ್ಲ, 128 ಇರಲಿ.

ಹೊಸ 128 ಜಿಬಿ ಪೆನ್‌ಡ್ರೈವ್ ಹಾಕಿದರೆ ಸೆಟ್ ‘ನೋ ಡಿವೈಸ್’ ಅನ್ನುತ್ತದೆ. ಹಳೆಯ 8 ಜಿಬಿ ಚೆನ್ನಾಗಿ ಓಡುತ್ತದೆ.
– ಓದುಗರು, ಹಾವೇರಿ

ದೊಡ್ಡ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫೈಲ್‌ಗಳನ್ನು ಜೋಡಿಸಿಡುವ ಎಕ್ಸ್‌ಫ್ಯಾಟ್ ಎಂಬ ಕ್ರಮದಲ್ಲಿ ಬರುತ್ತವೆ. ಅದು 2006ರಲ್ಲಿ ಬಂದದ್ದು. ಆದರೂ ಎಷ್ಟೋ ಕಾರ್ ಸೆಟ್‌ಗಳಿಗೆ ಗೊತ್ತಿರುವುದು ಫ್ಯಾಟ್ 32 ಮಾತ್ರ. ಎನ್‌ಟಿಎಫ್‌ಎಸ್ ಎಂಬ ಇನ್ನೊಂದು ಕ್ರಮ ಆದರೂ ಇದೇ ಕಥೆ. ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ, ಯಾವುದು ಅಂತ ಅಲ್ಲೇ ಬರೆದಿರುತ್ತದೆ.

ಫ್ಯಾಟ್ 32ಗೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗಬಹುದು. ಬಹುಪಾಲು ಕಂಪ್ಯೂಟರ್‌ಗಳಲ್ಲಿ ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿ 32 ಜಿಬಿಗಿಂತ ದೊಡ್ಡದಕ್ಕೆ ಆ ಆಯ್ಕೆಯನ್ನೇ ತೋರಿಸುವುದಿಲ್ಲ. ರೂಫಸ್ ಎಂಬ ಉಚಿತ ತಂತ್ರಾಂಶದಲ್ಲಿ ಆಗುತ್ತದೆ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ, ಮೊದಲು ಕಾಪಿ ಇಟ್ಟುಕೊಳ್ಳಿ.

ಒಂದು ಮಾತು ಕೇಳಲಾ? ಹಾಡಿಗೆ 128 ಜಿಬಿ ಯಾಕೆ ಬೇಕು? 128 ಕೆಬಿಪಿಎಸ್ ಎಂಪಿ3 ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ 1 ಎಂಬಿ. 16 ಜಿಬಿ ಒಂದರಲ್ಲೇ ಹತ್ತು ದಿನ ಹಗಲೂ ರಾತ್ರಿ ನಿಲ್ಲದೆ ಹಾಡಿಸಬಹುದು. ಅಷ್ಟು ಫೈಲ್ ಇದ್ದರೆ ಸೆಟ್ ಪ್ರತಿ ಸಲ ಓದಿ ಮುಗಿಸುವಷ್ಟರಲ್ಲಿ ನೀವು ಮುಂದಿನ ಸರ್ಕಲ್ ದಾಟಿರುತ್ತೀರಿ. ಸುಮ್ನೆ ಆ 8 ಜಿಬಿಯನ್ನೇ ಇಟ್ಟುಕೊಳ್ಳಿ.

ಹಾಡಿನ ಹೆಸರೆಲ್ಲ ಚೌಕ ಚೌಕವಾಗಿ ಕಾಣುತ್ತದೆ. ಫೈಲ್ ಹೆಸರನ್ನು ಇಂಗ್ಲಿಷಿಗೆ ಬದಲಿಸಿದರೂ ಹೋಗಲಿಲ್ಲ.
– ಗೃಹಿಣಿ, ದಾವಣಗೆರೆ

ಅಕ್ಕ, ಸೆಟ್‌ನಲ್ಲಿ ಕನ್ನಡ ಅಕ್ಷರ ಇಲ್ಲ, ಅದಕ್ಕೇ ಚೌಕ. ಫೈಲ್ ಹೆಸರು ಬದಲಿಸಿದರೂ ಹೋಗದ್ದಕ್ಕೆ ಕಾರಣ, ಸೆಟ್ ಓದುತ್ತಿರುವುದು ಎಂಪಿ3 ಒಳಗೆ ಬರೆದಿಟ್ಟಿರುವ ಟ್ಯಾಗನ್ನು. ಹಾಡಿನ ಹೆಸರು, ಹಾಡಿದವರು, ಆಲ್ಬಮ್ ಎಲ್ಲ ಅದರಲ್ಲಿರುತ್ತದೆ. ಎಂಪಿ3ಟ್ಯಾಗ್ ಎಂಬ ತಂತ್ರಾಂಶದಲ್ಲಿ ಎಲ್ಲ ಹಾಡು ಒಟ್ಟಿಗೆ ತೆರೆದು ಟ್ಯಾಗ್‌ಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಬಿಡಿ. ಫೈಲ್ ಹೆಸರನ್ನೇ ಟ್ಯಾಗ್‌ಗೆ ಇಳಿಸುವ ಆಯ್ಕೆಯೂ ಅದರಲ್ಲಿದೆ. ನೀವು ಆಗಲೇ ಹೆಸರು ಬದಲಿಸಿದ್ದೀರಿ, ಕೆಲಸ ಬೇಗ ಮುಗಿಯುತ್ತದೆ. ಡೌನ್‌ಲೋಡ್ ಮಾಡಿದ ಹಾಡುಗಳಲ್ಲಿ ಹಾಡಿದವರ ಜಾಗದಲ್ಲಿ ಯಾವುದೋ ವೆಬ್‌ಸೈಟಿನ ಹೆಸರು ತುರುಕಿರುತ್ತಾರೆ. ಅದನ್ನೂ ಇದೇ ಹೊತ್ತಿಗೆ ತೆಗೆಯಿರಿ.

ಕಾರು ಕೊಳ್ಳುವಾಗ ಪರದೆ ಎಷ್ಟು ಇಂಚು ಅಂತ ಕೇಳುವವರು ಕನ್ನಡ ಕಾಣುತ್ತದಾ ಅಂತಲೂ ಕೇಳಬೇಕು. ಕೇಳದಿದ್ದರೆ ಅವರು ಯಾಕೆ ಹಾಕುತ್ತಾರೆ?

ಮೊಬೈಲ್ ಅಂಗಡಿಯಲ್ಲಿ ಹಾಡು ತುಂಬಿಸಿಕೊಂಡು ಬಂದೆ. ಕಾರಿನಲ್ಲಿ ಹಾಡುತ್ತದೆ. ಮನೆಯ ಕಂಪ್ಯೂಟರಿಗೆ ಹಾಕಿದರೆ ಫೋಲ್ಡರ್ ಇರಬೇಕಾದ ಜಾಗದಲ್ಲಿ ಶಾರ್ಟ್‌ಕಟ್ ಇದೆ.
– ಓದುಗರು, ಗದಗ

ಆ ಶಾರ್ಟ್‌ಕಟ್ ಒತ್ತಬೇಡಿ! ಅಂಗಡಿಯ ಕಂಪ್ಯೂಟರಿನಿಂದ ವೈರಸ್ ಬಂದಿದೆ. ಅದು ನಿಮ್ಮ ಫೋಲ್ಡರುಗಳನ್ನು ಅಡಗಿಸಿ, ಅದೇ ಹೆಸರಲ್ಲಿ ಶಾರ್ಟ್‌ಕಟ್ ಇಟ್ಟಿದೆ. ಒತ್ತಿದರೆ ವೈರಸ್ ನಿಮ್ಮ ಕಂಪ್ಯೂಟರಿಗೆ ಇಳಿಯುತ್ತದೆ. ಕಾರಿನ ಸೆಟ್‌ಗೆ ಆ ಅಡಗಿಸಾಟ ಗೊತ್ತಾಗುವುದಿಲ್ಲ, ಹಾಡು ಕಂಡಿತು, ಹಾಡಿತು. ಆಂಟಿವೈರಸ್ ಓಡಿಸಿ. ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ ಅಡಗಿದ ಫೈಲ್‌ಗಳೂ, ಸಿಸ್ಟಮ್ ಫೈಲ್‌ಗಳೂ ಕಾಣುವಂತೆ ಮಾಡಿ. ಹಾಡುಗಳನ್ನಷ್ಟೇ ಕಂಪ್ಯೂಟರಿಗೆ ತೆಗೆದುಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ಹಕ್ಕುದಾರರ ಅನುಮತಿ ಇಲ್ಲದೆ ಹಾಗೆ ಹಾಡು ತುಂಬಿಸಿಕೊಡುವುದೇ ಕಾನೂನಿಗೆ ವಿರುದ್ಧ ಅನ್ನುವುದು ಬೇರೆ ಮಾತು.

ಮಗಳ ಮ್ಯಾಕ್‌ನಲ್ಲಿ ಹಾಡು ಹಾಕಿಸಿಕೊಂಡೆ. ಪ್ರತಿ ಹಾಡೂ ಎರಡು ಸಲ ಕಾಣುತ್ತದೆ, ಒಂದು ಹಾಡುತ್ತದೆ, ಇನ್ನೊಂದು ‘ಅನ್‌ಸಪೋರ್ಟೆಡ್’.
– ಓದುಗರು, ತುಮಕೂರು

ಮ್ಯಾಕ್ ಪ್ರತಿ ಫೈಲ್ ಪಕ್ಕದಲ್ಲಿ ತನ್ನದೊಂದು ಪುಟ್ಟ ಫೈಲ್ ಇಡುವುದುಂಟು. ಹೆಸರು ಚುಕ್ಕಿ ಮತ್ತು ಅಡಿಗೆರೆಯಿಂದ (._) ಶುರುವಾಗುತ್ತದೆ. ಮ್ಯಾಕ್‌ನಲ್ಲಿ ಕಾಣುವುದಿಲ್ಲ, ನಿಮ್ಮ ಸೆಟ್‌ಗೆ ಕಾಣುತ್ತದೆ. ವಿಂಡೋಸ್ ಕಂಪ್ಯೂಟರಿಗೆ ಹಾಕಿ, ಅಡಗಿದ ಫೈಲ್ ತೋರಿಸು ಎಂದು ಮಾಡಿ, ಹೀಗೆ ಶುರುವಾಗುವ ಪುಟ್ಟ ಫೈಲ್‌ಗಳನ್ನಷ್ಟೇ ಅಳಿಸಿ. ಹಾಡಿಗೆ ಏನೂ ಆಗುವುದಿಲ್ಲ.

ಹೊಸ ಕಾರಿನ ಟೈಪ್-ಸಿ ಪೋರ್ಟಿಗೆ ಪೆನ್‌ಡ್ರೈವ್ ಹಾಕಿದರೆ ಅದರ ದೀಪ ಹತ್ತುತ್ತದೆ, ಹಾಡು ಬರುವುದಿಲ್ಲ.
– ಓದುಗರು, ಉಡುಪಿ

ಅದು ಬರೀ ಚಾರ್ಜಿಂಗ್ ಪೋರ್ಟ್ ಇರಬೇಕು. ಪಕ್ಕದ ಗುರುತು ನೋಡಿ. ಬ್ಯಾಟರಿ ಅಥವಾ ಮಿಂಚಿನ ಚಿತ್ರ ಇದ್ದರೆ ಚಾರ್ಜಿಗೆ. ತ್ರಿಶೂಲದಂಥ ಯುಎಸ್‌ಬಿ ಗುರುತೋ, ಸಂಗೀತದ ಗುರುತೋ ಇದ್ದರೆ ಹಾಡಿಗೆ. ಹಿಂದಿನ ಸೀಟಿನವು ಸಾಮಾನ್ಯವಾಗಿ ಚಾರ್ಜಿಗಷ್ಟೇ. ಮುಂದೆ ಗೇರ್ ಹತ್ತಿರ, ಆರ್ಮ್‌ರೆಸ್ಟ್ ಡಬ್ಬಿಯೊಳಗೆ ಹುಡುಕಿ.

ನನ್ನದು ಕ್ಯಾಸೆಟ್ ಕಾಲದ ಕಾರು. ಸೆಟ್ ತೆಗೆಯಲು ಮನಸ್ಸಿಲ್ಲ. ಪೆನ್‌ಡ್ರೈವ್ ಹಾಡು ಕೇಳಬಹುದೇ?
– ಓದುಗರು, ಮೈಸೂರು

ಕೇಳಬಹುದು, ರೇಡಿಯೊದಲ್ಲಿ ಎಫ್‌ಎಂ ಇದ್ದರೆ. ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸುವ ಎಫ್‌ಎಂ ಟ್ರಾನ್ಸ್‌ಮಿಟರ್ ಸಿಗುತ್ತದೆ. ಪೆನ್‌ಡ್ರೈವ್ ಅದಕ್ಕೆ ಹಾಕಿ, ಖಾಲಿ ಇರುವ ಒಂದು ಫ್ರೀಕ್ವೆನ್ಸಿ ಹಿಡಿದು, ರೇಡಿಯೊವನ್ನು ಅಲ್ಲಿಗೇ ತಿರುಗಿಸಿ. ಮೈಸೂರಿನಲ್ಲಿ ಆಕಾಶವಾಣಿಯ 100.6ರ ಅಕ್ಕಪಕ್ಕ ಬೇಡ. ಬೆಂಗಳೂರಿಗೆ ಹೋದರೆ ಅಲ್ಲಿ 101.3, 102.9 ಜೊತೆಗೆ ಖಾಸಗಿ ಸ್ಟೇಷನ್‌ಗಳೂ ತುಂಬಿವೆ. ಮೈಸೂರಿನಲ್ಲಿ ಖಾಲಿ ಇದ್ದ ಜಾಗದಲ್ಲಿ ರಾಮನಗರ ದಾಟುವಷ್ಟರಲ್ಲಿ ಯಾರೋ ಜಾಹೀರಾತು ಓದುತ್ತಿರಬಹುದು. ಅಲ್ಲಿಗೆ ಬೇರೆ ಫ್ರೀಕ್ವೆನ್ಸಿ ಹುಡುಕಿಟ್ಟುಕೊಳ್ಳಿ. ಧ್ವನಿ ಸೆಟ್‌ಗೇ ನೇರ ಹಾಕಿದಷ್ಟು ಚೆನ್ನಾಗಿರುವುದಿಲ್ಲ, ದಾರಿಗೆ ಸಾಕು.

ಜಾತ್ರೆಯಲ್ಲಿ 2 ಟಿಬಿ ಪೆನ್‌ಡ್ರೈವ್ ನಾನೂರು ರೂಪಾಯಿಗೆ ಸಿಕ್ಕಿತು. ಮೊದಲಿನ ಹಾಡುಗಳು ಬರುತ್ತವೆ, ಉಳಿದವು ಬರುವುದಿಲ್ಲ.
– ಓದುಗರು, ಕೊಪ್ಪಳ

ಆ ಬೆಲೆಗೆ 2 ಟಿಬಿ, ಅಂದರೆ ಸುಮಾರು ಎರಡು ಸಾವಿರ ಜಿಬಿ, ಬರುವುದಿಲ್ಲ. ಒಳಗೆ ಸಣ್ಣ ಚಿಪ್ ಇಟ್ಟು, ಕಂಪ್ಯೂಟರಿಗೆ 2 ಟಿಬಿ ಎಂದು ಸುಳ್ಳು ಹೇಳುವಂತೆ ಮಾಡಿರುತ್ತಾರೆ. ಚಿಪ್ ತುಂಬಿದ ಮೇಲೆ ಹಾಕಿದ ಹಾಡುಗಳ ಹೆಸರು ಮಾತ್ರ ಇರುತ್ತದೆ, ಹಾಡು ಇರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ತಂತ್ರಾಂಶ ಓಡಿಸಿದರೆ ನಿಜವಾದ ಅಳತೆ ಗೊತ್ತಾಗುತ್ತದೆ, ಆದರೆ ಬಹಳ ಹೊತ್ತು ಹಿಡಿಯುತ್ತದೆ, ಒಂದು ರಾತ್ರಿ ಸಾಲದೆಯೂ ಹೋಗಬಹುದು. ಮಾರಿದವನು ಮುಂದಿನ ಜಾತ್ರೆಗೆ ಹೋಗಿರುತ್ತಾನೆ, ದುಡ್ಡಿನ ಆಸೆ ಬಿಡಿ. ಮದುವೆ ಫೋಟೊ, ಮನೆ ಪತ್ರ ಏನಾದರೂ ಅದರಲ್ಲೇ ಇಟ್ಟಿದ್ದರೆ ಆ ತಂತ್ರಾಂಶ ಓಡಿಸುವ ಮೊದಲೇ, ಇವತ್ತೇ ತೆರೆದು ನೋಡಿ, ತೆರೆಯುವುದನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ.