ನಿಮ್ಮವ್ವನ ಏಳು ಮಕ್ಕಳು, ಸರ್ಕಾರದ ತೊಟ್ಟಿಲು

(ಹುಟ್ಟಿದಂದಿನಿಂದ ಮೂರು ವರ್ಷದವರೆಗೆ ಮಗುವಿನ ಹೊಣೆಯಲ್ಲಿ ಸರ್ಕಾರಕ್ಕೂ ಪಾಲಿದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದಕ್ಕೆ ರಾಯಚೂರು ಜಿಲ್ಲೆಯ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅದರ ತಿರುಳು ಇಷ್ಟು: ‘ಹಡೆದವರು ಸಾಕಬೇಕು. ನಮ್ಮವ್ವ ಏಳು ಮಕ್ಕಳನ್ನ ಯಾವ ಅಂಗನವಾಡಿ ಇಲ್ಲದೆ ಸಾಕಿದಳು. ಈಗ ಸರ್ಕಾರ ಕೊಟ್ಟಷ್ಟೂ ಅಪ್ಪ ಅನ್ನಿಸಿಕೊಂಡಾತ ಕುಡಿದು ಬರ್ತಾನ.’)

ಮಾಸ್ತರರೇ, ನಮಸ್ಕಾರ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಬೈಗುಳದ ಕಾಗದಗಳು ನಮಗೆ ಬೇಕಾದಷ್ಟು ಬರುತ್ತವೆ. ಇಷ್ಟು ದುಂಡಗಿನ ಅಕ್ಷರದಲ್ಲಿ ಬರುವುದು ಕಡಿಮೆ.

ಮೊದಲು ನಿಮ್ಮವ್ವನ ಮಾತು. ಏಳು ಮಕ್ಕಳನ್ನು ಸಾಕಿದ ತಾಯಿಯ ಬಗ್ಗೆ ನಾನೇನು ಅಂದೇನು? ಒಂದೇ ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಆ ಏಳರಲ್ಲಿ ನೀವು ಎಷ್ಟನೆಯವರು? ಅವ್ವ ಹೊಲಕ್ಕೆ ಹೋದಾಗ ನಿಮ್ಮನ್ನು ಎತ್ತಿಕೊಳ್ಳುತ್ತಿದ್ದವರು ಯಾರು? ನಮ್ಮ ಮನೆಯಲ್ಲಿ ನಾವು ಐವರು, ನಾನೇ ಕೊನೆಯವನು. ನನ್ನನ್ನು ಆಡಿಸಿ ಬೆಳೆಸಿದ್ದು ದೊಡ್ಡಕ್ಕ. ಅವಳು ಮೂರನೇ ತರಗತಿಗೇ ಶಾಲೆ ಬಿಟ್ಟದ್ದು ಯಾಕೆ ಎಂಬುದು ಹೊಳೆಯುವ ಹೊತ್ತಿಗೆ ನನಗೆ ನಲವತ್ತು ದಾಟಿತ್ತು. ಆಗಲೂ ಅಂಗನವಾಡಿ ಇತ್ತು ಮಾಸ್ತರರೇ. ಅದಕ್ಕೆ ಎಂಟು ವರ್ಷ, ಲಂಗ ಉಟ್ಟುಕೊಂಡಿತ್ತು.

ನಿಮ್ಮ ಕಾಗದದ ಮೂರನೇ ಪುಟದಲ್ಲೇ ಅವಳಿದ್ದಾಳೆ. ನಾಲ್ಕನೇ ತರಗತಿಯ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬರುತ್ತಿದ್ದಳು, ಕೂಸು ಅತ್ತಾಗ ‘ಹೊರಗೆ ಹೋಗಿ ಸುಮ್ಮನಾಗಿಸಿಕೊಂಡು ಬಾ’ ಎನ್ನುತ್ತಿದ್ದೆ, ಹಾಜರಿ ಮಾತ್ರ ತಪ್ಪದೆ ಹಾಕುತ್ತಿದ್ದೆ ಎಂದು ಬರೆದಿದ್ದೀರಿ. ತಂದೆತಾಯಿಗೆ ಜವಾಬ್ದಾರಿ ಇಲ್ಲ ಎಂಬುದಕ್ಕೆ ನೀವು ಅದನ್ನು ಉದಾಹರಣೆ ಕೊಟ್ಟಿರಿ. ನನಗೆ ಅದರಲ್ಲಿ ಕಂಡದ್ದು ಬೇರೆ. ತಾಯಿ ಕೂಲಿಗೆ ಹೋದಳು, ಅಪ್ಪ ಗುಳೆ ಹೋದ, ಆರು ತಿಂಗಳ ಕೂಸನ್ನು ಊರಲ್ಲಿ ಇಟ್ಟುಕೊಳ್ಳುವ ಜಾಗ ಇರಲಿಲ್ಲ. ಉಳಿದದ್ದು ಅಕ್ಕನ ಸೊಂಟ.

ಅಂಗನವಾಡಿ ಇದೆಯಲ್ಲ ಎನ್ನುತ್ತೀರಿ. ಇದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಯೋಜನೆ ಅದು. ನಮ್ಮ ರಾಜ್ಯದಲ್ಲಿ ಈಗ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಆದರೆ ಅಲ್ಲಿ ಚಾಪೆಯ ಮೇಲೆ ಕೂರುವುದು ಮೂರು ತುಂಬಿದ ಮಗು. ಅದಕ್ಕಿಂತ ಚಿಕ್ಕದಕ್ಕೆ ಆಹಾರದ ಪೊಟ್ಟಣ ಮನೆಗೆ ಹೋಗುತ್ತದೆ. ಮನೆಯಲ್ಲಿ ಅದನ್ನು ಬೇಯಿಸಿ ತಿನ್ನಿಸುವವರು ಯಾರು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಈ ಕುಳ್ಳತನ ಬಹುಪಾಲು ನಿರ್ಧಾರವಾಗಿಬಿಡುವುದು ಮೊದಲ ಎರಡು ವರ್ಷಗಳಲ್ಲಿ, ಅಂದರೆ ಮಗು ಅಂಗನವಾಡಿಯ ಹೊಸ್ತಿಲು ತುಳಿಯುವ ಮುಂಚೆಯೇ.

ನಿಮ್ಮ ಜಿಲ್ಲೆಯ ಕಥೆ ನಿಮಗೆ ನಾನು ಹೇಳಬೇಕಿಲ್ಲ. 2011ರಲ್ಲಿ ರಾಯಚೂರಿನ ಮಕ್ಕಳ ಅಪೌಷ್ಟಿಕತೆ ಸುದ್ದಿಯಾಯಿತು, ಹೈಕೋರ್ಟ್ ಮಧ್ಯೆ ಬಂತು, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ವರದಿ ಕೊಟ್ಟಿತು. ಇವತ್ತು ತೀರಾ ಬಳಲಿದ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದರೆ ತಾಯಿಯೂ 14 ದಿನ ಜೊತೆಗಿರುತ್ತಾಳೆ, ಅವಳು ಕಳೆದುಕೊಂಡ ಕೂಲಿಗೆ ಸರ್ಕಾರವೇ ದುಡ್ಡು ಕೊಡುತ್ತದೆ. ಒಳ್ಳೆಯದೇ. ಆದರೆ ಗಮನಿಸಿ: ತಾಯಿ ಮಗುವಿನ ಪಕ್ಕ ಇರಬೇಕಾದರೆ ಕೂಲಿ ಕಟ್ಟಿಕೊಡಬೇಕು ಎಂಬುದು ಸರ್ಕಾರಕ್ಕೆ ಗೊತ್ತಿದೆ. ಮಗು ನೆಲ ಹಿಡಿದ ಮೇಲೆ ಗೊತ್ತಾಗುತ್ತದೆ, ಅಷ್ಟೇ. ಮೊದಲೇ ಕೊಡಿ ಎಂಬುದೇ ನಮ್ಮ ಜಗಳ.

ಮೊದಲೇ ಕೊಡುವುದಕ್ಕೆ ಒಂದು ಯೋಜನೆ ಇದೆ, ಮಾತೃವಂದನಾ. ಚೊಚ್ಚಲ ಬಾಣಂತಿಗೆ ಕಂತಿನಲ್ಲಿ 5,000 ರೂಪಾಯಿ. 2013ರ ಆಹಾರ ಭದ್ರತಾ ಕಾಯ್ದೆ ಹೇಳಿದ್ದು ಕಡಿಮೆಯೆಂದರೆ 6,000. ಇರಲಿ, 5,000ವನ್ನೇ ಲೆಕ್ಕ ಹಾಕಿ. 2025-26ರಲ್ಲಿ ನಮ್ಮಲ್ಲಿ ನರೇಗಾ, ಅಂದರೆ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ಇತ್ತು. ಹದಿಮೂರೂವರೆ ದಿನದ ಕೂಲಿ ಆಯಿತು. ನಮ್ಮ ನಿಮ್ಮ ಹೆಣ್ಣುಮಕ್ಕಳು ಕಂಪನಿಯಲ್ಲಿದ್ದರೆ 2017ರಿಂದ 26 ವಾರ ಸಂಬಳದ ಹೆರಿಗೆ ರಜೆ. ಹತ್ತಿ ಬಿಡಿಸುವವಳಿಗೆ ಹದಿಮೂರೂವರೆ ದಿನ! ಪಕ್ಕದ ತಮಿಳುನಾಡು ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಹೆರಿಗೆ ಯೋಜನೆಯಲ್ಲಿ ನಗದು, ಪೌಷ್ಟಿಕ ಆಹಾರದ ಕಿಟ್ ಎಲ್ಲ ಸೇರಿ 18,000 ಕೊಡುತ್ತದೆ, ಅದರಿಂದೇನೂ ಮುಳುಗಿ ಹೋಗಿಲ್ಲ.

ಇನ್ನು ಕೂಸಿನ ಮನೆ. ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ಕೂಲಿಕಾರರ ಮಕ್ಕಳಿಗೆಂದು ನಮ್ಮ ರಾಜ್ಯ ಹಮ್ಮಿಕೊಂಡ ಶಿಶುಪಾಲನಾ ಕೇಂದ್ರಗಳು. ಹೆಸರು ಇಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು. ಹೋದ ವರ್ಷ ಒಂದನ್ನು ನೋಡಿದೆ. ಪಂಚಾಯಿತಿಯ ಹಳೇ ಕೋಣೆ, ಗೋಡೆಯ ಮೇಲೆ ಹೊಸದಾಗಿ ಬರೆದ ಗಿಳಿ, ಜಂತಿಗೆ ಕಟ್ಟಿದ ಸೀರೆಯ ಜೋಲಿ. ಒಂದು ಕೂಸು ಆರೈಕೆಯ ಹೆಣ್ಣುಮಗಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿದ್ದೆ ಹೋಗಿತ್ತು. ಆಕೆ ಬಿಡಿಸಿಕೊಳ್ಳದೆ ಹಾಗೇ ಕೂತು ಇನ್ನೊಂದಕ್ಕೆ ಗಂಜಿ ಕುಡಿಸುತ್ತಿದ್ದಳು. ‘ನಂದು ಮುಂದಿನ ತಿಂಗಳಿಗೆ ಮುಗೀತದ್ರೀ’ ಎಂದಳು. ನರೇಗಾ ಲೆಕ್ಕದಲ್ಲಿ ಅವಳಿಗೆ 100 ದಿನ, ಆಮೇಲೆ ಬೇರೊಬ್ಬಳು ಬರಬೇಕು. ಕೂಸಿಗೆ ಮುಖದ ಗುರುತು ಹತ್ತುವಷ್ಟರಲ್ಲಿ ಮುಖವೇ ಬದಲು. ಕೆಲಸಕ್ಕೆ ಸರದಿ ಹಚ್ಚಬಹುದು, ತೊಡೆಗೆ ಹಚ್ಚಲಾಗದು. ಆಕೆಗೆ ಕಾಯಂ ಸಂಬಳ ಕೊಡಿ, ಬಾಗಿಲನ್ನು ಹೊಲದ ಹೊತ್ತಿಗೆ ತೆಗೆಯಿರಿ, ಹತ್ತು ಗಂಟೆಯ ಆಫೀಸಿನ ಹೊತ್ತಿಗಲ್ಲ. ಈ ಎರಡನ್ನು ಮಾಡಿದರೆ ನಾನು ಮೂರನೆಯದನ್ನು ಕೇಳುವುದಿಲ್ಲ.

ಕುಡುಕ ಅಪ್ಪನ ವಿಷಯದಲ್ಲಿ ನಿಮ್ಮ ಸಿಟ್ಟು ನನ್ನದೂ ಹೌದು. ಆದರೆ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಬರಬೇಕೆಂದು ಗುರಿ ಇಟ್ಟುಕೊಂಡದ್ದು 40,000 ಕೋಟಿ. ಆ ಅಪ್ಪ ಕುಡಿದೇ ತೀರುತ್ತಾನೆಂದು ನಂಬಿ ಲೆಕ್ಕ ಬರೆದವರು ಅವನ ಮಗುವಿಗೆ ಲೆಕ್ಕ ಬರೆಯುವಾಗ ಮಾತ್ರ ‘ಅದು ಅವರ ಮನೆಯ ವಿಷಯ’ ಎನ್ನಲಾದೀತೇ? 1995-97ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಫೆಲಿಟಿ, ಆಂಡಾ ಎಂಬ ವೈದ್ಯರು 17 ಸಾವಿರ ಮಂದಿಯನ್ನು ಬಾಲ್ಯದ ಹೊಡೆತ, ಅನಾದರ, ಮನೆಯೊಳಗಿನ ಕುಡಿತ, ಜಗಳಗಳ ಬಗ್ಗೆ ಕೇಳಿದರು. ಬಹುತೇಕರು ಉಂಡುಟ್ಟು ಸುಖವಾಗಿದ್ದವರೇ. ಅಂಥ ಪೆಟ್ಟುಗಳು ಹೆಚ್ಚಾದಷ್ಟೂ ದೊಡ್ಡವರಾದ ಮೇಲೆ ಹೃದ್ರೋಗ, ಖಿನ್ನತೆ, ಕುಡಿತದ ಚಟ ಹೆಚ್ಚಾಗಿ ಕಂಡವು. ನಿಮ್ಮೂರಿನ ಕುಡುಕನೂ ಒಂದು ಕಾಲಕ್ಕೆ ಯಾರದೋ ಸೊಂಟದ ಮೇಲಿದ್ದವನೇ.

ಬಾಲ್ಯವಿವಾಹದ ಮಾತನ್ನೂ ಎತ್ತಿದ್ದೀರಿ, ‘ಕಾನೂನು ಇದ್ದೂ ಏನಾಯಿತು’ ಎಂದು. ನಮ್ಮ ರಾಜ್ಯದ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. 2017ರಲ್ಲಿ ಸುಪ್ರೀಂ ಕೋರ್ಟೇ ಇದನ್ನು ಮೆಚ್ಚಿ ಬರೆಯಿತು. ಆದರೂ 2019-21ರ ಆ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ 18ರೊಳಗೆ ಮದುವೆಯಾಗಿತ್ತು. ಗುಳೆ ಹೊರಟವರು ಬೆಳೆದ ಹುಡುಗಿಯನ್ನು ಯಾರ ಮನೆಯಲ್ಲಿ ಬಿಟ್ಟು ಹೋಗಬೇಕು? ಊರಲ್ಲಿ ಹಾಸ್ಟೆಲ್ ಇಲ್ಲದ ಕಡೆ ಗಂಡನ ಮನೆಯೇ ಹಾಸ್ಟೆಲ್ ಆಗುತ್ತದೆ.

ನಿಮ್ಮ ಒಂದು ಪ್ರಶ್ನೆಗೆ ನೇರ ಉತ್ತರ ಉಳಿದಿದೆ. ಗಂಡ ಸತ್ತ ನಿಮ್ಮ ಪಕ್ಕದ ಮನೆಯಾಕೆ ಮಗನನ್ನು ದೂರದ ಆಶ್ರಮಕ್ಕೆ ಬಿಡಲು ಹೊರಟಿದ್ದಾಳೆ ಎಂದಿರಿ. ತಡೆಯಿರಿ. ಮಕ್ಕಳ ರಕ್ಷಣೆಗೆಂದು ಇರುವ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಎಂಬುದಿದೆ: ವಿಧವೆ ತಾಯಿಯ ಮಗು ಮನೆಯಲ್ಲೇ ಇದ್ದು ಓದಲು ತಿಂಗಳಿಗೆ 4,000. ಹಳ್ಳಿಯಲ್ಲಾದರೆ ವರ್ಷದ ಆದಾಯ 72,000 ಮೀರಿರಬಾರದು. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ಅಲೆಸುತ್ತಾರೆ, ಆದ್ದರಿಂದ ನೀವೂ ಜೊತೆಗೆ ಹೋಗಿ. ನಿಮ್ಮ ಅಕ್ಷರದ ಅರ್ಜಿಯನ್ನು ಪಕ್ಕಕ್ಕೆ ಸರಿಸಿಡುವುದು ಕಷ್ಟ.

ನಿಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯೇ, ಬಾಗಿಲು ಎಷ್ಟಕ್ಕೆ ತೆಗೆಯುತ್ತದೆ ಎಂದು ನೋಡಿ ಬರೆಯಿರಿ, ಅಚ್ಚು ಹಾಕುತ್ತೇವೆ. ತಮ್ಮನನ್ನು ಹೊತ್ತು ಬರುತ್ತಿದ್ದ ಆ ಹುಡುಗಿ ಈಗ ಎಲ್ಲಿದ್ದಾಳೆಂದು ತಿಳಿದರೆ ಅದನ್ನೂ ಬರೆಯಿರಿ.

– ಸಂ.