ಎಪ್ಪತ್ತು ಪಂದ್ಯ ಸಾಲದು

ಪ್ರಿಯ ದಾವಣಗೆರೆಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದು ಐಪಿಎಲ್ ಪೂರ್ತಿ ಇಬ್ಬರೇ ಆಡುವ ಫ್ಯಾಂಟಸಿ ಸ್ಪರ್ಧೆಗೆ, ಅಂದರೆ ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟಿ ಅವರ ಆಟಕ್ಕೆ ತಕ್ಕ ಅಂಕ ಪಡೆಯುವ ಆಟಕ್ಕೆ, ಇಳಿದಿದ್ದೀರಿ, 70ರಲ್ಲಿ 39 ಗೆದ್ದಿದ್ದೀರಿ. ಪ್ರತಿ ಸಲ 50 ರೂಪಾಯಿ ಕಟ್ಟಬೇಕಿತ್ತು, ಗೆದ್ದರೆ 90 ಕೈಗೆ ಬರುತ್ತಿತ್ತು. ಪೋಕರ್‌ನಲ್ಲಿ ಮಾತ್ರ ಕೈಯಲ್ಲಿ ಎರಡು ಎಕ್ಕ ಇದ್ದರೂ ಎದುರಿನವರ ಎರಡು ರಾಜನಿಗೆ ಸೋತಿರಿ. ಹಾಗಾಗಿ ಫ್ಯಾಂಟಸಿ ಜಾಣ್ಮೆಯ ಆಟ, ಪೋಕರ್ ಬರೀ ಅದೃಷ್ಟ, ಸರಿ ಅಲ್ವಾ ಅಂತ ಕೇಳಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ.

ಮೊದಲು ಎಕ್ಕದ ಮಾತು. ಮೇಜಿನ ಮೇಲೆ ಇಬ್ಬರಿಗೂ ಸೇರಿದ ಐದು ಎಲೆಗಳಲ್ಲಿ ಒಂದೂ ಬೀಳುವ ಮುಂಚೆ ಇಬ್ಬರೂ ಇದ್ದಬದ್ದ ದುಡ್ಡನ್ನೆಲ್ಲ ಮುಂದಿಟ್ಟರೆ, 100ಕ್ಕೆ ಸುಮಾರು 82 ಸಲ ಎಕ್ಕ ಗೆಲ್ಲುತ್ತದೆ. ಉಳಿದ 18 ಸಲ ಯಾರಿಗಾದರೂ ಬರಲೇಬೇಕಲ್ಲ, ಅವತ್ತು ನಿಮಗೆ ಬಂತು. ನೀವು ಸರಿಯಾಗಿಯೇ ಆಡಿದ್ದೀರಿ.

ಈಗ ನಿಮ್ಮ 39. ಸುಮ್ನೆ ನಾಣ್ಯ ಚಿಮ್ಮಿ ತಂಡ ಕಟ್ಟುವವರು ಕೂಡ 70ರಲ್ಲಿ 39 ಅಥವಾ ಅದಕ್ಕಿಂತ ಜಾಸ್ತಿ ಗೆಲ್ಲಬಹುದು, ಐವರಲ್ಲಿ ಒಬ್ಬರಿಗೆ ಹಾಗಾಗುತ್ತದೆ. ನಿಮಗೆ ಜಾಣ್ಮೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅದು ಇದೆಯೋ ಇಲ್ಲವೋ ಅಂತ ಗೊತ್ತಾಗಲು 70 ಪಂದ್ಯ ಸಾಲದು, ಅಷ್ಟೆ. ಇನ್ನು ದುಡ್ಡು: 39 ಗೆಲುವಿನಿಂದ 1,560 ರೂಪಾಯಿ ಬಂತು, 31 ಸೋಲಿನಿಂದ 1,550 ಹೋಯಿತು. ಎರಡು ತಿಂಗಳು ಪಿಚ್ ನೋಡಿ, ಟಾಸ್ ಕಾದು, ತಲೆ ಕೆಡಿಸಿಕೊಂಡಿದ್ದಕ್ಕೆ ಉಳಿದದ್ದು 10 ರೂಪಾಯಿ. ಇಬ್ಬರೂ ಕಟ್ಟಿದ 100ರಲ್ಲಿ ಆಟ ನಡೆಸುವವರು ಹಿಡಿದುಕೊಂಡ 10 ರೂಪಾಯಿ ಕಮಿಷನ್ ಇಲ್ಲದಿದ್ದರೆ 400 ಉಳಿಯುತ್ತಿತ್ತು. ಎದುರಾಳಿಗಿಂತ ಸ್ವಲ್ಪ ಜಾಣರಾದರೆ ಸಾಲದು, ಕಮಿಷನ್ ಮೀರಿಸುವಷ್ಟು ಜಾಣರಾಗಿರಬೇಕು.

ಎರಡೂ ಆಟದಲ್ಲಿ ಜಾಣ್ಮೆ ಇದೆ, ಅದೃಷ್ಟವೂ ಇದೆ. ಜಾಣ್ಮೆ ಕಣ್ಣಿಗೆ ಕಾಣಲು ಎಷ್ಟು ಸಲ ಆಡಬೇಕು ಅನ್ನುವುದೇ ನನಗೆ ಮುಖ್ಯ ಪ್ರಶ್ನೆ. ಅದೃಷ್ಟದಿಂದ ಫಲಿತಾಂಶ ಸರಾಸರಿಯ ಮೇಲೆ ಕೆಳಗೆ ಆಗುವ ಏರಿಳಿತವನ್ನೇ ವೇರಿಯನ್ಸ್ ಅನ್ನುವುದು. ಪೋಕರ್‌ನಲ್ಲಿ ಎಲೆ ಹಂಚಿ ಆಡುವ ಒಂದು ಸುತ್ತಿಗೆ ಒಂದು ಕೈ ಅನ್ನುತ್ತಾರೆ, ಎಲೆ ನೋಡುವ ಮುಂಚೆಯೇ ಒಬ್ಬರು ಕಡ್ಡಾಯವಾಗಿ ಇಡಬೇಕಾದ ಪಣಕ್ಕೆ ಬಿಗ್ ಬ್ಲೈಂಡ್ ಅನ್ನುತ್ತಾರೆ. 100 ಕೈಗೆ ಸರಾಸರಿ 5 ಬಿಗ್ ಬ್ಲೈಂಡ್ ಗೆಲ್ಲುವ ಒಳ್ಳೆಯ ಆಟಗಾರರನ್ನೇ ತಗೊಳ್ಳಿ. ಅದೇ 100 ಕೈಯಲ್ಲಿ ಸರಾಸರಿಯಿಂದ ಆಚೀಚೆ ಹೋಗುವ ಏರಿಳಿತ ಸಾಮಾನ್ಯವಾಗಿ 90 ಬಿಗ್ ಬ್ಲೈಂಡ್‌ನ ಆಸುಪಾಸು ಇರುತ್ತದೆ. ಹಾಗಾಗಿ 10,000 ಕೈ ಆಡಿದ ಮೇಲೂ ಇಂಥವರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಜನ ನಷ್ಟದಲ್ಲೇ ಇರುತ್ತಾರೆ! ಆದರೆ ಒಂದು ಲಕ್ಷ ಕೈ ಆಡಿದರೆ ಆ ಪಾಲು 100ಕ್ಕೆ ಸುಮಾರು ನಾಲ್ಕಕ್ಕೆ ಇಳಿಯುತ್ತದೆ. ಆನ್‌ಲೈನ್ ಪೋಕರ್‌ನಲ್ಲಿ ಲಕ್ಷ ಕೈ ಆಡಿದವರು ಬೇಕಾದಷ್ಟು ಜನ ಇದ್ದಾರೆ. ಕ್ರಿಕೆಟ್‌ನಲ್ಲಿ ಲಕ್ಷ ಪಂದ್ಯ ಎಲ್ಲಿಂದ ತರೋಣ?

ಕ್ರಿಕೆಟ್‌ನಲ್ಲಿ ಇನ್ನೊಂದು ಕಷ್ಟವಿದೆ. ಫ್ಯಾಂಟಸಿ ತಂಡಕ್ಕೆ ನೀವು ಕ್ಯಾಪ್ಟನ್ ಅಂತ ಆರಿಸಿದ ಆಟಗಾರನಿಗೆ ಎರಡರಷ್ಟು ಅಂಕ, ಆದರೆ ಬ್ಯಾಟ್ಸ್‌ಮನ್‌ಗೆ ಒಂದೇ ಅವಕಾಶ. 2016ರ ಐಪಿಎಲ್‌ನಲ್ಲಿ 973 ರನ್ ಹೊಡೆದ ಕೊಹ್ಲಿ, 2017ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಮೊದಲ ಚೆಂಡಿಗೇ ಔಟ್. ಆರ್‌ಸಿಬಿ 49ಕ್ಕೆ ಆಲೌಟ್ ಆದ ದಿನ ಅದು, ನೆನಪಿದೆಯಲ್ಲ? ಅವತ್ತು ಅವರನ್ನು ಕ್ಯಾಪ್ಟನ್ ಮಾಡಿದವರು ತಪ್ಪು ಮಾಡಿದರು ಅಂತ ನಾನು ಒಪ್ಪುವುದಿಲ್ಲ.

ಫ್ಯಾಂಟಸಿಯನ್ನು ಕೋರ್ಟೇ ಜಾಣ್ಮೆಯ ಆಟ ಅಂದಿದೆ ಎಂದೂ ಬರೆದಿದ್ದೀರಿ. ನಿಜ, 2017ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಹಾಗೆ ಹೇಳಿತು. ಆದರೆ 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ಜಾಣ್ಮೆಯೋ ಅದೃಷ್ಟವೋ ಅನ್ನುವ ಭೇದ ನೋಡುವುದಿಲ್ಲ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ಯಾವುದೇ ಇದ್ದರೂ ಅದಕ್ಕೆ ನಿಷೇಧ.

ಈಗ ಗೆಳೆಯರ ಜೊತೆ ದುಡ್ಡಿಲ್ಲದೆ ತಂಡ ಕಟ್ಟುತ್ತಿದ್ದೀರಂತೆ, ಕೇಳಿ ಖುಷಿಯಾಯಿತು. ಹಾಗಾದರೆ ಕ್ಯಾಪ್ಟನ್‌ನನ್ನು ಯಾಕೆ ಆರಿಸಿದಿರಿ ಅಂತ ಪ್ರತಿ ಪಂದ್ಯಕ್ಕೂ ಮುಂಚೆ ಒಂದು ಸಾಲು ಬರೆದಿಡಿ. ಸೀಸನ್ ಮುಗಿದ ಮೇಲೆ ಆ ನೋಟ್‌ಬುಕ್ ನನಗೆ ಕಳಿಸಿ, ಅಂಕ ಮುಚ್ಚಿಟ್ಟು ಕಾರಣಗಳನ್ನಷ್ಟೇ ಓದುತ್ತೇನೆ.

— ಸಂಪಾದಕ